ಹನ್ನೊಂದು ಪೈಲ್ವಾನರ ತಾಜ್ ಪಾಷಾ

ತಾಜ್ ಪಾಷಾ ಅವರ ಮನೆಯ ಗಾಜಿನ ಬೀರುವಿನಲ್ಲಿ ಅರವತ್ತಾರು ತುಂಡು ಮರ ಇತ್ತು. ನಾನು ಎಣಿಸಿದ್ದೆ, ಅದಕ್ಕೇ ಗೊತ್ತು. ಹನ್ನೊಂದು ಗೊಂಬೆ, ಒಂದೊಂದಕ್ಕೂ ತಲೆ, ಮೈ, ಎರಡು ಕೈ, ಎರಡು ಕಾಲು. ನನ್ನ ಮಗಳು ಇಂಚರಾಗೆ ಆಗ ಎರಡೂವರೆ ವರ್ಷ. ಅಂಗೈಯಲ್ಲಿ ಹಿಡಿಸುವ ಯಾವುದೇ ವಸ್ತು ಅವಳ ಬಾಯಿಗೆ ಹೋಗಿ ಬರದೆ ನೆಲ ಕಾಣುತ್ತಿರಲಿಲ್ಲ. ಅವಳು ಆ ಮನೆಯಲ್ಲಿ ಆಡಿ ಬಂದ ದಿನ ಸಂಜೆ ನಾನು ಕರಿಬೇವೋ ಮತ್ತೇನೋ ನೆಪ ಮಾಡಿಕೊಂಡು ಹೋಗಿ, ಬೀರುವಿನ ಮುಂದೆ ನಿಂತು ತುಂಡುಗಳನ್ನು ಎಣಿಸುತ್ತಿದ್ದೆ. ಅರವತ್ತಾರು ಬಂದರೆ ಅವತ್ತು ನನಗೆ ನಿದ್ದೆ.

ರಾಮನಗರ ಜಿಲ್ಲೆಯಾದ ವರ್ಷದ ಮಾತು ಇದು. ನನ್ನ ಗಂಡ ಅನಂತರಾಜು ಬಿಡದಿಯ ಒಂದು ಕಾರ್ಖಾನೆಯ ಸ್ಟೋರ್ಸ್‌ನಲ್ಲಿ ಕೆಲಸಕ್ಕಿದ್ದರು. ಬಿಡದಿಯಲ್ಲಿ ಬಾಡಿಗೆ ಏರಿಹೋಗಿತ್ತು, ಅದಕ್ಕೆ ಚನ್ನಪಟ್ಟಣದ ಈ ಬೀದಿಯಲ್ಲಿ ಮನೆ ಹಿಡಿದೆವು. ನಾನು ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಓದಿ ಬೆಳೆದವಳು. ಇಲ್ಲಿ ಬೆಳಗಾದರೆ ನಾಲ್ಕು ಮನೆಯಿಂದ ಲೇತ್ ತಿರುಗುವ ಸದ್ದು, ಗಾಳಿಯಲ್ಲಿ ಕಾದ ಅರಗಿನ ವಾಸನೆ, ಮರದ ಹುಡಿ. ಹುಡಿ ಮಗುವಿನ ಎದೆಗೆ ಇಳಿದರೆ ಏನು ಗತಿ ಎಂದು ಮೊದಲ ತಿಂಗಳು ಕಿಟಕಿಯನ್ನೇ ತೆಗೆಯಲಿಲ್ಲ. ಸೆಕೆಗೆ ಮಗುವಿಗೆ ಬೆವರುಸಾಲೆ ಎದ್ದಿತು. ಆಮೇಲೆ ತೆಗೆದೆ.

ತೆಗೆದ ಕಿಟಕಿಯ ಎದುರಿಗೇ ತಾಜ್ ಪಾಷಾ ಅವರ ಬಾಗಿಲು. ಒಂದು ದಿನ ನಾನು ಒಲೆಯ ಕಡೆ ತಿರುಗಿದ್ದಾಗ ಇಂಚರ ಅಲ್ಲಿಗೆ ನುಗ್ಗಿದ್ದಳು. ನಾನು ಓಡಿ ಹೋದಾಗ ಅವಳ ಬಾಯಿಂದ ಒಂದು ಮರದ ಕೈ ಹೊರಗೆ ಇಣುಕುತ್ತಿತ್ತು, ಐದು ಬೆರಳೂ ಸೇರಿದ ಮುಷ್ಟಿ. ಆ ತಿಂಗಳು ಪೇಪರಿನ ತುಂಬ ಆಟದ ಸಾಮಾನಿನ ಬಣ್ಣದಲ್ಲಿ ಸೀಸ ಇದೆ ಎಂಬ ಸುದ್ದಿಯೇ. ನಾನು ಬಣ್ಣ, ಬಣ್ಣ ಎಂದು ತೊದಲುತ್ತಿದ್ದೆ. ಬಿಳಿ ಗಡ್ಡದ, ಅಗಲ ಹೆಗಲಿನ ಮುದುಕರೊಬ್ಬರು ಮಗುವಿನ ಬಾಯಿಂದ ಕೈಯನ್ನು ನಿಧಾನವಾಗಿ ಬಿಡಿಸಿ, ನನ್ನ ಮುಂದೆಯೇ ತಾವೊಮ್ಮೆ ನೆಕ್ಕಿದರು.

“ಅರಗು ಐತೆ, ಅರಿಸ್ನ ಐತೆ. ಇನ್ನೇನೂ ಇಲ್ಲ ತಾಯಿ. ನಲವತ್ತು ವರ್ಸದಿಂದ ನನ್ ಕೈಲಿ ಐತೆ, ನಾನೇನ್ ಸತ್ನಾ?”

“ಎಂಜಲು ಮಾಡಿ ಕೊಡ್ಬೇಡ್ರಿ,” ಎಂದರು ಒಳಗಿನಿಂದ ಅವರ ಹೆಂಡತಿ ಅಕ್ಬರಿ ಬೇಗಂ. ಆಮೇಲೆ ನನ್ನ ಕಡೆ ನೋಡಿ, “ನನಗೆ ಮಗ ಒಬ್ಬನೇ ಅಮ್ಮಾ, ಸುಹೇಲ್. ಇವರಿಗೆ ಮಾತ್ರ ಹನ್ನೊಂದು ಜನ. ಬೀರು ತೆಗೆದು ನೋಡಿ,” ಎಂದರು.

ಹಾಗೆ ನಾನು ಆ ಪೈಲ್ವಾನರನ್ನು ಮೊದಲು ನೋಡಿದ್ದು.

ಒಂದೊಂದೂ ಗೇಣುದ್ದ. ಹಾಲೆ ಮರದಲ್ಲಿ ಕಡೆದ ಮೈ, ಅರಿಸಿನದ ಬಣ್ಣ, ಬಣ್ಣಬಣ್ಣದ ಚಡ್ಡಿ, ತಿರುಚಿದ ಮೀಸೆ. ಕೈಕಾಲುಗಳನ್ನು ಮೈಯೊಳಗೆ ತೂತು ಕೊರೆದು, ಸೈಕಲ್ ಟ್ಯೂಬನ್ನು ದಾರದಷ್ಟು ಸಣ್ಣಗೆ ಸೀಳಿ ಪೋಣಿಸಿದ್ದರು. ಹೊಸದರಲ್ಲಿ ಎತ್ತಿದ ಕೈ ಎತ್ತಿದಲ್ಲೇ ನಿಲ್ಲುತ್ತಿತ್ತಂತೆ. ನಲವತ್ತು ವರ್ಷದಲ್ಲಿ ರಬ್ಬರು ಸೋತು, ಎಲ್ಲ ಕೀಲೂ ಸಡಿಲವಾಗಿತ್ತು. ಎತ್ತಿದರೆ ಸ್ನಾನ ಮಾಡಿಸಿದ ಮಗುವಿನ ಹಾಗೆ ಕೈಯಿಂದ ಜಾರುತ್ತಿದ್ದವು.

ತಾಜ್ ಪಾಷಾ ಗೊಂಬೆ ಕಡೆಯುವವರ ಮನೆಯಲ್ಲೇ ಹುಟ್ಟಿದವರು. ಹತ್ತು ವರ್ಷಕ್ಕೆ ಅಪ್ಪನ ಪಕ್ಕ ಕೆಲಸಕ್ಕೆ ಕೂತವರು, ಹದಿನೆಂಟಕ್ಕೆ ಗರಡಿಗೆ ಹೋದವರು. ಬೆಳಿಗ್ಗೆ ಗರಡಿಯ ಕೆಮ್ಮಣ್ಣು, ಮಧ್ಯಾಹ್ನ ಮರದ ಹುಡಿ. ಊಟಕ್ಕೆ ಕೂತಾಗ ಮೈಮೇಲೆ ಎರಡೂ ಇರುತ್ತಿತ್ತು ಎಂದು ನಗುತ್ತಿದ್ದರು. ಆ ಗರಡಿಯಲ್ಲಿ ಹನ್ನೊಂದು ಜನ ಗೆಳೆಯರು. ದೊಡ್ಡಹನುಮಯ್ಯ ಎಂಬವರಿಗೆ ಮುರಿದ ಮೂಗು, ಗಂಗಹನುಮಯ್ಯನವರಿಗೆ ಬೋಳು ತಲೆ. ಇಪ್ಪತ್ತಾರನೇ ವಯಸ್ಸಿನಲ್ಲಿ ಮಂಡಿ ಹೋಗಿ ಕುಸ್ತಿ ಬಿಟ್ಟ ಮೇಲೆ, ಆ ಹನ್ನೊಂದು ಜನರನ್ನು ಒಬ್ಬೊಬ್ಬರನ್ನಾಗಿ ಮರದಲ್ಲಿ ಕಡೆದರು. ತಮ್ಮನ್ನೂ ಸೇರಿಸಿ. ಮಾರುವುದಕ್ಕಲ್ಲ. ಮಾರುವುದಕ್ಕೆ ಗಿಲಕಿ, ಬುಗುರಿ, ಕುದುರೆ ಇದ್ದವು. ಕೊನೆಕೊನೆಗೆ ಕೀ ಚೈನು, ಪರದೆಯ ಮಣಿ.

ನಾನು ಹೋಗುವ ಹೊತ್ತಿಗೆ ಅವರಿಗೆ ಅರವತ್ತೆಂಟು. ಬೆರಳು ನಡುಗುತ್ತಿತ್ತು, ಲೇತಿಗೆ ಕೂರುವುದನ್ನು ಬಿಟ್ಟಿದ್ದರು. ಸುಹೇಲ್ ಬಿಡದಿಯಲ್ಲಿ ಕಾರಿನ ಸೀಟು ಹೊಲಿಯುವ ಕಡೆ ಸೇರಿದ್ದ. ಮುದುಕರಿಗೆ ಉಳಿದಿದ್ದ ಕೆಲಸ ಒಂದೇ: ಶುಕ್ರವಾರ ಶುಕ್ರವಾರ ಬೀರು ತೆಗೆದು, ಹನ್ನೊಂದು ಜನರನ್ನೂ ಹಳೆ ಪಂಚೆಯಲ್ಲಿ ಒರೆಸಿ, ಮತ್ತೆ ನಿಲ್ಲಿಸುವುದು.

ಆ ನಿಲ್ಲಿಸುವುದನ್ನು ನೋಡಬೇಕಿತ್ತು. ತಂತಿ ಇಲ್ಲ, ಮೇಣ ಇಲ್ಲ. ಗೊಂಬೆಯನ್ನು ಎರಡು ಬೆರಳಲ್ಲಿ ಹಿಡಿದು, ಅದು ಯಾವ ಕಡೆ ಬೀಳಬೇಕೆನ್ನುತ್ತದೋ ಆ ಕಡೆಗೇ ಒಂದಿಷ್ಟು ಬಿಡುತ್ತಿದ್ದರು. ಬೀಳುವ ಜಾಗದಲ್ಲಿ ಇನ್ನೊಬ್ಬನ ಹೆಗಲು ಇರುವಂತೆ ಮಾಡುತ್ತಿದ್ದರು. ಒಬ್ಬನ ಕೈ ಇನ್ನೊಬ್ಬನ ಕತ್ತಿನ ಮೇಲೆ, ಅವನ ಮಂಡಿ ಮತ್ತೊಬ್ಬನ ತೊಡೆಗೆ. ಬೆಂಗಳೂರಿನಿಂದ ಬಂದಿದ್ದ ಯಾರೋ ವ್ಯಾಪಾರಿ, ಹಿಂದೊಂದು ಸ್ಟೀಲ್ ಕಡ್ಡಿ ಕೊಡಿ, ನೆಟ್ಟಗೆ ನಿಲ್ಲುತ್ತವೆ ಎಂದನಂತೆ.

“ಬೆನ್ನಿಗೆ ಕಡ್ಡಿ ಕಟ್ಟುದ್ರೆ ಅವನು ಪೈಲ್ವಾನಾ ತಾಯಿ, ಬೆದರುಬೊಂಬೆ,” ಎಂದಿದ್ದರು ತಾಜ್ ಪಾಷಾ ನನಗೆ.

“ಹೊಸ ರಬ್ಬರ್ ಹಾಕಿ ತಾತ. ಬಿಗಿಯಾಗುತ್ತಲ್ಲ,” ಎಂದೆ. ಕಿತ್ತು ಬಿದ್ದ ತುಂಡು ಮಗುವಿನ ಗಂಟಲಿಗೆ ಎಂಬುದು ನನ್ನ ಚಿಂತೆ.

“ರಬ್ಬರ್ ಹಾಕ್ಬೇಕಂದ್ರೆ ಸೊಂಟ ಒಡೀಬೇಕು, ಹಳೇ ಅರಗು ಚಕ್ಕೆ ಏಳ್ತದೆ. ಇರ್ಲಿ ಬುಡಿ. ನಂಗೂ ಮಂಡಿ ಸಡ್ಲ, ಅವ್ರಿಗೂ ಸಡ್ಲ.”

ನನ್ನ ತಮ್ಮ ಇಂಚರಾಗೆಂದು ಬೆಂಗಳೂರಿನಿಂದ ಒಂದು ಪ್ಲಾಸ್ಟಿಕ್ ವೀರನನ್ನು ತಂದುಕೊಟ್ಟಿದ್ದ. ಕೈಕಾಲು ತಿರುಗಿಸಿದರೆ ಕಟಕಟ ಎನ್ನುತ್ತಿತ್ತು. ತಾಜ್ ಪಾಷಾ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಬೈಯುತ್ತಾರೇನೋ ಎಂದುಕೊಂಡೆ. “ಗುಂಡು ಕೀಲು. ಬುದ್ಧಿವಂತ ಮಾಡವ್ನೆ,” ಎಂದರು. ಎರಡು ತಿಂಗಳಿಗೆ ಅದರ ಕೀಲೂ ಸಡಿಲಾಗಿ ಮುಖ ಅಡಿಯಾಗಿ ಬಿತ್ತು. ಅದನ್ನೂ ತಮ್ಮ ಬೀರುವಿನ ಮೂಲೆಯಲ್ಲಿ ಗೋಡೆಗೆ ಒರಗಿಸಿ ನಿಲ್ಲಿಸಿಕೊಟ್ಟರು. ನನ್ನ ಲೆಕ್ಕ ಎಪ್ಪತ್ತೆರಡಕ್ಕೆ ಏರಿತು.

ಬೀರುವಿನ ನಡುವಿನ ಹಲಗೆಯಲ್ಲಿ ಮಾತ್ರ ಒಂದು ಜೋಡಿ ಬೇರೆಯಾಗಿ ಇತ್ತು. ಒಬ್ಬ ಪೈಲ್ವಾನ ಇನ್ನೊಬ್ಬನನ್ನು ಹೆಗಲಿಗೆ ಎತ್ತಿದ್ದಾನೆ, ಇನ್ನೇನು ನೆಲಕ್ಕೆ ಒಗೆಯಬೇಕು. ಎತ್ತಿದವರು ತಾಜ್ ಪಾಷಾ, ಎತ್ತಿಸಿಕೊಂಡವರು ಚಲುವಯ್ಯ. ಬಿಡದಿ ಪಕ್ಕದ ಹಳ್ಳಿಯ ರೈತರು, ಹುಡುಗರಾಗಿದ್ದಾಗ ಚನ್ನಪಟ್ಟಣದ ಮಾವನ ಮನೆಯಲ್ಲಿದ್ದುಕೊಂಡು ಇದೇ ಗರಡಿಯಲ್ಲಿ ಸಾಮು ಮಾಡಿದವರು. ಒಂದು ಯುಗಾದಿಯ ಸಂಜೆ ಚಲುವಯ್ಯನವರ ಊರಿನ ಅಖಾಡದಲ್ಲಿ ಇಬ್ಬರಿಗೂ ಕುಸ್ತಿಯಾಯಿತು. ಎರಡೂ ಭುಜ ಮಣ್ಣಿಗೆ ತಾಗಿದರೆ ಚಿತ್, ಅಂದರೆ ಸೋಲು. ತಾಗಿತು ಎಂದು ತಾಜ್ ಪಾಷಾ, ಒಂದೇ ಭುಜ ಎಂದು ಚಲುವಯ್ಯ. ಕತ್ತಲಾಗಿತ್ತು, ಹಿರಿಯರು ಇಬ್ಬರಿಗೂ ಪೇಟ ಕಟ್ಟಿ ಕಳಿಸಿದರು. ಆ ಅಖಾಡ ಇದ್ದ ಜಾಗಕ್ಕೆ ಈಗ ಕಾರ್ಖಾನೆಯ ಕಾಂಪೌಂಡ್ ಬಂದಿದೆ. ನನ್ನ ಗಂಡ ಅಲ್ಲೇ ಎಲ್ಲೋ ಬೈಕು ನಿಲ್ಲಿಸುತ್ತಾರೆ.

ನಲವತ್ತು ವರ್ಷ ಆ ಜಗಳ ಇಬ್ಬರಿಗೂ ಹಬ್ಬದೂಟದಂತೆ ಇತ್ತು. ಚಲುವಯ್ಯ ಬಂದರೆ ಮೊದಲು ಬೀರುವಿನ ಮುಂದೆ ನಿಂತು ಬೈದು, ಆಮೇಲೆ ಟೀ. ಆದರೆ ಸುಹೇಲನ ಮದುವೆಯಲ್ಲಿ ತಾಜ್ ಪಾಷಾ ಬೀಗರ ಸಾಲನ್ನೇ ಬೀರುವಿನ ಮುಂದೆ ನಿಲ್ಲಿಸಿ, “ಇದಾದ ಮೇಲೆ ಚಿತ್,” ಎಂದು ಕೈ ತಟ್ಟಿ ತೋರಿಸಿದರು. ಎಲ್ಲರೂ ನಕ್ಕರು. ಊಟದೆಲೆಯ ಮುಂದಿದ್ದ ಚಲುವಯ್ಯ ಎದ್ದರು. ಆ ಗೊಂಬೆ ಆ ಮನೆಯಲ್ಲಿ ಹಾಗೆ ನಿಂತಿರುವವರೆಗೂ ಆ ಹೊಸ್ತಿಲು ತುಳಿಯುವುದಿಲ್ಲ ಎಂದು ಹೋದವರು ಮೂರು ವರ್ಷವಾದರೂ ಬರಲಿಲ್ಲ. ತಾಜ್ ಪಾಷಾ ಗೊಂಬೆ ತೆಗೆಯಲಿಲ್ಲ. ನಾವು ಬಂದ ವರ್ಷದ ಬೇಸಿಗೆಯಲ್ಲಿ ಗಂಗಹನುಮಯ್ಯ ತೀರಿಕೊಂಡರು. ಇಬ್ಬರೂ ಮಣ್ಣಿಗೆ ಹೋದರು, ಒಬ್ಬರು ತಲೆಯ ಕಡೆ, ಒಬ್ಬರು ಕಾಲಿನ ಕಡೆ ನಿಂತು, ಮಾತಾಡದೆ ವಾಪಸು ಬಂದರು.

“ಹನ್ನೊಂದ್ರಲ್ಲಿ ಇನ್ನು ಇಬ್ಬರೇ,” ಎಂದು ತಾಜ್ ಪಾಷಾ ಒಮ್ಮೆ ನನ್ನೆದುರು ಅಂದರು. ಆಮೇಲೆ ಗಾಜು ಒರೆಸಿದರು. ಅದು ಆಗಲೇ ಒರೆಸಿದ ಗಾಜು.

ದಸರಾ ಹತ್ತಿರ ಬಂತು. ನಮ್ಮ ತವರಿನಲ್ಲಿ ಗೊಂಬೆ ಕೂರಿಸುವ ಪದ್ಧತಿ. ಮದುವೆಯಲ್ಲಿ ಅಮ್ಮ ಕೊಟ್ಟ ಪಟ್ಟದ ಗೊಂಬೆಗಳಿದ್ದವು, ಮಿಕ್ಕದ್ದಕ್ಕೆ ಈ ಬೀದಿಯೇ ಇತ್ತು. ಮೂರು ಮೆಟ್ಟಿಲು ಕಟ್ಟಿ ಬಿಳಿ ಪಂಚೆ ಹೊದೆಸುತ್ತಿದ್ದಾಗ ತಾಜ್ ಪಾಷಾ ಬಾಗಿಲಲ್ಲಿ ಬಂದು ನಿಂತರು.

“ಒಂದು ಮೆಟ್ಲು ಖಾಲಿ ಐತಲ್ಲ ತಾಯಿ. ನಮ್ಮ ಹುಡುಗ್ರೂ ಕೂತ್ಕಳ್ಳಿ, ಒಂಬತ್ ದಿವ್ಸ.”

ಅರವತ್ತಾರು ತುಂಡು, ಒಂಬತ್ತು ದಿನ, ನನ್ನ ಮನೆಯೊಳಗೆ. ನಾನು ಏನು ಹೇಳಿ ತಪ್ಪಿಸಿಕೊಳ್ಳಲಿ ಎಂದು ಹುಡುಕುತ್ತಿದ್ದೆ. ಎದುರು ಬಾಗಿಲಿನಿಂದ ಅಕ್ಬರಿ ಬೇಗಂ ಕೂಗಿ ಹೇಳಿದರು: “ಯಾಕೆ ಅಂತ ಹೇಳ್ರೀ, ಸುತ್ತಿ ಬಳಸಿ ಯಾಕೆ. ಚಲುವಯ್ಯ ಇಲ್ಲಿಗೆ ಬರಲ್ಲ ಅಮ್ಮಾ. ನಿಮ್ಮನೇಲಿ ಗೊಂಬೆ ಅಂತ ಕರೆದ್ರೆ ಬರ್ತಾರೆ. ಇವರಿಗೆ ಅವರನ್ನ ನೋಡ್ಬೇಕು, ಬಾಯಲ್ಲಿ ಬರಲ್ಲ.”

ತಾಜ್ ಪಾಷಾ ಒಳಗೆ ಬಂದು ಖಾಲಿ ಮೆಟ್ಟಿಲಿನ ಪಂಚೆಯ ಸುಕ್ಕು ಬಿಡಿಸತೊಡಗಿದರು. ನಾನು ಹೂಂ ಎಂದೆ.

ಕರೆಯಲು ಹೋದದ್ದು ನನ್ನ ಗಂಡ, ಶಿಫ್ಟ್ ಮುಗಿಸಿಕೊಂಡು. ಚಲುವಯ್ಯ ಹಟ್ಟಿಯ ಮುಂದೆ ಹುಲ್ಲು ಕಟ್ಟುತ್ತಿದ್ದರಂತೆ. “ನನ್ನ ಹೆಂಗ್ ನಿಲ್ಸವ್ನೆ?” ಎಂದು ಕೇಳಿದರಂತೆ. ಯಾವುದನ್ನೂ ಗಮನಿಸದ ನಮ್ಮವರು, “ಚೆನ್ನಾಗೇ ನಿಲ್ಸಿದಾರೆ,” ಎಂದುಬಿಟ್ಟಿದ್ದಾರೆ. ಅದನ್ನು ಚಲುವಯ್ಯ ಹೇಗೆ ತಿಳಿದುಕೊಂಡರೋ. “ಶುಕ್ರವಾರ ಸಂಜೆ ಐದ್ರ ಗಾಡಿಗೆ ಬತ್ತೀನಿ ಅನ್ನು. ಅವ್ನ ನೋಡಾಕಲ್ಲ, ಗೊಂಬೆ ನೋಡಾಕೆ.”

ಪೈಲ್ವಾನರನ್ನು ನಮ್ಮ ಮೆಟ್ಟಿಲ ಮೇಲೆ ನಿಲ್ಲಿಸಲು ತಾಜ್ ಪಾಷಾಗೆ ಒಂದು ಇಡೀ ಮಧ್ಯಾಹ್ನ ಹಿಡಿಯಿತು. ಜೋಡಿಯನ್ನು ಮಾತ್ರ ಅವರು ಬದಲಾಯಿಸಲಿಲ್ಲ. ಎತ್ತಿದವನು ಎತ್ತಿದ್ದ, ಎತ್ತಿಸಿಕೊಂಡವನು ಮೇಲಿದ್ದ. “ಮುಟ್ಬೇಡಿ, ಬರೇ ನೋಡಿ,” ಎಂದು ಹೋದರು. ನಾನು ಮೆಟ್ಟಿಲ ಸುತ್ತ ಕುರ್ಚಿಗಳ ಬೇಲಿ ಹಾಕಿದೆ.

ಶುಕ್ರವಾರ ಮಧ್ಯಾಹ್ನ ಹನ್ನೆರಡೂವರೆ. ಗಂಡಸರೆಲ್ಲ ನಮಾಜಿಗೆ ಹೋಗಿ ಬೀದಿ ಸದ್ದಿಲ್ಲದೆ ಇತ್ತು. ಸಂಜೆ ಗೊಂಬೆ ನೋಡಲು ಬರುವ ಹೆಂಗಸರಿಗೆಂದು ಕಡಲೆಕಾಳು ಉಸಲಿಗೆ ಒಗ್ಗರಣೆ ಹಾಕುತ್ತಿದ್ದೆ. ಮರದ ಮೇಲೆ ಮರ ಬೀಳುವ ಸದ್ದು ಕೇಳಿತು. ಕುರ್ಚಿಯ ಕೆಳಗೆ ತೂರಿ ಹೋದ ಇಂಚರ ಪಂಚೆಯ ತುದಿ ಎಳೆದಿದ್ದಳು. ಹನ್ನೊಂದು ಜನವೂ ಒಬ್ಬರ ಮೇಲೊಬ್ಬರು ಬಿದ್ದಿದ್ದರು, ಅವಳು ನಡುವೆ ಕೂತು ಕೈ ತಟ್ಟುತ್ತಿದ್ದಳು.

ಮೊದಲು ಅವಳ ಬಾಯಲ್ಲಿ ಬೆರಳು ಹಾಕಿ ನೋಡಿದೆ. ಆಮೇಲೆ ತುಂಡು ಎಣಿಸಿದೆ. ಅರವತ್ತಾರು. ಒಂದು ರಬ್ಬರೂ ಕಿತ್ತಿರಲಿಲ್ಲ. ಆಗಲೇ ನನಗೆ ಸಂಜೆ ಐದು ಗಂಟೆ ನೆನಪಾದದ್ದು. ತಾಜ್ ಪಾಷಾ ಬಂದು ನೋಡಿದರೆ ಅವರ ನಡುಗುವ ಕೈಯಿಂದ ಮತ್ತೊಂದು ಮಧ್ಯಾಹ್ನದ ಕೆಲಸ. ಅದಕ್ಕೆ ಮೊದಲು ನಾನೇ ನಿಲ್ಲಿಸಿಬಿಡಬೇಕು.

ಒಂಬತ್ತು ಜನರನ್ನು ಹೇಗೋ ಗೋಡೆಗೆ, ಪಟ್ಟದ ಗೊಂಬೆಗೆ, ಪಕ್ಕದವನ ಹೆಗಲಿಗೆ ಒರಗಿಸಿದೆ. ಜೋಡಿ ಉಳಿಯಿತು. ಒಬ್ಬನಿಗೆ ಕೆಂಪು ಚಡ್ಡಿ, ಇನ್ನೊಬ್ಬನಿಗೆ ಹಸಿರು. ಎತ್ತಿದ್ದವನು ಯಾರು? ತಿಂಗಳುಗಟ್ಟಲೆ ಆ ಬೀರುವಿನ ಮುಂದೆ ನಿಂತಿದ್ದೇನೆ, ಎಷ್ಟು ತುಂಡು ಎಂಬುದು ಗೊತ್ತು, ಯಾರು ಯಾರು ಎಂದು ಒಮ್ಮೆಯೂ ನೋಡಿರಲಿಲ್ಲ. ಆದರೆ ನಾನು ಹೆಚ್ಚು ಯೋಚಿಸಲಿಲ್ಲ. ಹಸಿರು ಎಂದರೆ ತಾಜ್ ಪಾಷಾ, ಇನ್ಯಾರು? ಯಾರೂ ನನಗೆ ಹಾಗೆಂದು ಹೇಳಿಕೊಟ್ಟದ್ದಲ್ಲ, ಶಾಲೆಯ ಯಾವ ಪಾಠದಲ್ಲೂ ಇರಲಿಲ್ಲ. ತಲೆಯಲ್ಲಿ ಇತ್ತು, ಅಷ್ಟೆ. ಹಸಿರು ಚಡ್ಡಿಯವನ ಹೆಗಲಿಗೆ ಕೆಂಪು ಚಡ್ಡಿಯವನನ್ನು ಏರಿಸಿದೆ. ಬಿದ್ದ. ಏರಿಸಿದೆ. ಬಿದ್ದ. ಕೊನೆಗೆ ತಲೆಯಿಂದ ಹೇರ್‌ಪಿನ್ ತೆಗೆದು, ಬಗ್ಗಿಸಿ, ಇಬ್ಬರ ಬೆನ್ನಿಗೂ ಸೇರಿಸಿ ಸಿಕ್ಕಿಸಿದೆ. ನಿಂತ.

ಕೈ ತೊಳೆಯುವಷ್ಟರಲ್ಲಿ ಬಾಗಿಲಲ್ಲಿ ಯಾರೋ ಕೆಮ್ಮಿದರು. ಎತ್ತರದ ಆಳು, ಬೆನ್ನು ಬಾಗಿದೆ, ಹೆಗಲ ಮೇಲೆ ಟವೆಲ್ಲು, ಕೈಯಲ್ಲಿ ಒಂದು ಚಿಪ್ಪು ಬಾಳೆಹಣ್ಣು. ಐದಕ್ಕೆ ಬರಬೇಕಾದ ಚಲುವಯ್ಯ ಎರಡಕ್ಕೇ ಬಂದಿದ್ದರು.

“ಮುಂಚಿನ ಗಾಡಿ ಸಿಕ್ತು ಕಣವ್ವ,” ಎಂದರು. ಒಂದು ಗಂಟೆ ಮುಂಚೆಯೇ ಸ್ಟೇಷನ್ನಿನಲ್ಲಿ ಕೂತಿದ್ದರು ಎಂದು ಆಮೇಲೆ ತಿಳಿಯಿತು.

ಬಗ್ಗಿ ಒಬ್ಬೊಬ್ಬರನ್ನೇ ಗುರುತಿಸಿದರು. “ದೊಡ್ಡಹನುಮ, ಮೂಗ್ ನೋಡವ್ವ, ನಾನೇ ಮುರ್ದಿದ್ದು. ಇವ್ನು ಗಂಗ...” ಅಷ್ಟರಲ್ಲಿ ಜೋಡಿ ಕಂಡಿತು. ಮುಖದ ಸುಕ್ಕುಗಳೆಲ್ಲ ಒಂದೊಂದಾಗಿ ಬೇರೆ ಕಡೆ ಸರಿದವು. ಕುರ್ಚಿ ಎಳೆದುಕೊಂಡು ಕೂತರು.

“ಯಾರವ್ವ ನಿಲ್ಸಿದ್ದು ಇದ?”

ಬಿದ್ದ ಸಂಗತಿ ಮುಚ್ಚಬೇಕಿತ್ತು ನನಗೆ. “ಪಾಷಾ ತಾತಾನೇ,” ಎಂದೆ.

“ನನ್ ಹಸ್ರು ಚಡ್ಡಿ ಎತ್ತೈತೆ ನೋಡು ಅವ್ನ. ನಮ್ಮವ್ವನ ಸೀರೆ ಹರ್ದು ಹೊಲ್ಸಿದ್ದು ಕಣವ್ವ ಆ ಚಡ್ಡಿ.”

ಏನು ಮಾಡಿದ್ದೇನೆ ಎಂಬುದು ಒಂದೇ ಸಲಕ್ಕೆ ತಿಳಿಯಿತು. ಹೇಳಬೇಕು ಎಂದು ಬಾಯಿ ತೆರೆಯುವಾಗಲೇ ಹೊರಗೆ ಹೆಜ್ಜೆ ಸಪ್ಪಳ. ಮಸೀದಿಯಿಂದ ಬಂದ ತಾಜ್ ಪಾಷಾ ನಮ್ಮ ಬಾಗಿಲ ಮುಂದಿನ ಚಪ್ಪಲಿ ನೋಡಿ ಅಲ್ಲೇ ನಿಂತಿದ್ದರು. ಟೋಪಿ ತಲೆಯ ಮೇಲೇ ಇತ್ತು.

“ಬಂದ್ಯಾ?”

“ಬಂದೆ. ಕೊನೇಗೂ ಒಪ್ಕಂಡ್ಬುಟ್ಟಲ್ಲೋ ಪಾಷಾ,” ಎಂದು ಚಲುವಯ್ಯ ಬೆರಳು ತೋರಿಸಿದರು. ನಗು ತಡೆಯಲಾಗುತ್ತಿರಲಿಲ್ಲ ಅವರಿಗೆ.

ತಾಜ್ ಪಾಷಾ ಬೆರಳು ಹೋದ ಕಡೆ ನೋಡಿದರು. ಅವರು ನೋಡುವುದನ್ನು ನಾನು ನೋಡಿದೆ. ಗಡ್ಡದೊಳಗೆ ದವಡೆ ಒಮ್ಮೆ ಬಿಗಿಯಿತು.

“ತಾತ, ಅದು...” ಎಂದೆ.

“ತಾಯಿ, ಒಸಿ ಕಾಫಿ ಮಾಡಿ,” ಎಂದರು ಅವರು, ನನ್ನ ಕಡೆ ನೋಡದೆ. ಆಮೇಲೆ ಚಲುವಯ್ಯನವರಿಗೆ, “ಒಂಬತ್ ದಿವ್ಸಕ್ಕೆ ಕಣ್ಲಾ. ಬಾಳ ಹಾರಾಡ್ಬೇಡ.”

ಕಾಫಿ ಬೇಗ ಆಗಬಾರದೆಂದು ಒಲೆ ಸಣ್ಣ ಮಾಡಿದೆ. ಹೊರಗೆ ಇಬ್ಬರೂ ಗಂಗಹನುಮಯ್ಯನವರ ಬೋಳು ತಲೆಯ ಬಗ್ಗೆ, ಮಣ್ಣಿಗೆ ಎಣ್ಣೆ ಮಜ್ಜಿಗೆ ಹಾಕಿ ಹದ ಮಾಡುತ್ತಿದ್ದ ಬಗ್ಗೆ, ಆ ಮಣ್ಣಿನ ಮೇಲೆ ಈಗ ಕಾರುಗಳು ನಿಂತಿರುವ ಬಗ್ಗೆ ಮಾತಾಡಿದರು. ಯಾವ ಮಾತು ಯಾರದ್ದೆಂದು ಒಳಗಿದ್ದವಳಿಗೆ ಗೊತ್ತಾಗದಷ್ಟು ಒಬ್ಬರ ಮಾತಿನ ಮೇಲೊಬ್ಬರು. ಇಂಚರ ನನ್ನ ಹೆಗಲ ಮೇಲೆ ನಿದ್ದೆ ಹೋದಳು. ಆಮೇಲೆ ಹೊರಗೆ ಸದ್ದು ನಿಂತಿತು.

ಲೋಟ ಹಿಡಿದು ಬಂದರೆ, ಚಲುವಯ್ಯನವರ ಬೆರಳಲ್ಲಿ ನನ್ನ ಹೇರ್‌ಪಿನ್ ಇತ್ತು. ಇಬ್ಬರು ಪೈಲ್ವಾನರೂ ಕುಸಿದು ಒಬ್ಬನ ಮೇಲೊಬ್ಬ ಬಿದ್ದಿದ್ದರು.

“ಇದು ನಿನ್ ಕೈಕೆಲ್ಸ ಅಲ್ಲ,” ಎಂದರು ಚಲುವಯ್ಯ.

“ಅಲ್ಲ.”

“ಮತ್ಯಾಕ್ಲಾ ಸುಮ್ಕಿದ್ದೆ?”

ತಾಜ್ ಪಾಷಾ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. “ನೀನ್ ನಗ್ತಾ ಇದ್ದೆ,” ಎಂದರು. “ಮೂರ್ ವರ್ಸ ಆಗಿತ್ತು ನೋಡಿ.”

ನಾನೇ ಮಾಡಿದ್ದು, ಮಗು ಬೀಳಿಸಿತು, ಹಸಿರು ಯಾರದ್ದೆಂದು ನನಗೆ ತಿಳಿಯಲಿಲ್ಲ ಎಂದು ಒಂದೇ ಉಸಿರಿಗೆ ಹೇಳಿದೆ. ಹಸಿರು ತಾಜ್ ಪಾಷಾ ಅವರದ್ದು ಎಂದು ಯಾಕೆ ಅಂದುಕೊಂಡೆ ಎಂಬುದನ್ನು ಮಾತ್ರ ಹೇಳಲಿಲ್ಲ. ಹೇಳದೆಯೂ ಇಬ್ಬರಿಗೂ ತಿಳಿಯಿತು ಎಂದು ಕಾಣುತ್ತದೆ. ಒಬ್ಬರ ಮುಖ ಒಬ್ಬರು ನೋಡಿಕೊಂಡು ಮೂಗಿನಲ್ಲೇ ನಕ್ಕರು.

“ನಿನ್ ಪಿನ್ನು ತಗಳವ್ವ, ಕೂದ್ಲು ಬ್ಯಾರೆ ಬಿಚ್ಚೋಗೈತೆ,” ಎಂದು ಚಲುವಯ್ಯ ಕೈ ಚಾಚಿದರು. ಆಮೇಲೆ ಬಿದ್ದಿದ್ದ ಜೋಡಿಯನ್ನು ಗೆಳೆಯನ ಮುಂದೆ ಸರಿಸಿ, “ನಿಲ್ಸು,” ಎಂದರು.

“ಹೆಂಗೆ?”

“ಹೆಂಗ್ ನಿಲ್ಸ್ತಿದ್ಯೋ ಹಂಗೆ. ಆಣಿ ಹೊಡ್ದು ಗೆಲ್ಲೋದ್ ಬ್ಯಾಡ ನಂಗೆ.”

ತಾಜ್ ಪಾಷಾ ಕೆಂಪು ಚಡ್ಡಿಯವನನ್ನು ಕಾಲು ಅಗಲಿಸಿ ನಿಲ್ಲಿಸಿದರು. ಹಸಿರು ಚಡ್ಡಿಯವನನ್ನು ಮೇಲೇರಿಸುವಾಗ ಬೆರಳು ನಡುಗಿ ಗೊಂಬೆ ಜಾರಿತು. ಎರಡನೇ ಸಲವೂ ಜಾರಿತು. ಚಲುವಯ್ಯ ಕುರ್ಚಿಯಿಂದ ಇಳಿದು ನೆಲದ ಮೇಲೆ ಕೂತು, ತಮ್ಮ ಗೊಂಬೆಯ ಸೊಂಟವನ್ನು ತಾವೇ ಎರಡು ಬೆರಳಲ್ಲಿ ಹಿಡಿದು, ಗೆಳೆಯನ ಗೊಂಬೆಯ ಹೆಗಲ ಮೇಲೆ ಇಟ್ಟುಕೊಟ್ಟರು.

“ಒಸಿ ಮ್ಯಾಲಕ್ಕೆತ್ಲಾ.”

“ಎತ್ತಿದೀನಲ್ಲ. ಇನ್ನೆಷ್ಟ್ ಎತ್ಲಿ.”

“ಬುಡು ಈಗ.”

“ಬುಟ್ರೆ ಬಿದ್ದೋಯ್ತದೆ.”

“ಬೀಳಲ್ಲ. ಬುಡು.”

ಬಿಟ್ಟರು. ಬೀಳಲಿಲ್ಲ. ಚಲುವಯ್ಯ ಇನ್ನೂ ಬೆರಳನ್ನು ಗೊಂಬೆಯ ಹತ್ತಿರವೇ ಹಿಡಿದುಕೊಂಡು, ನನ್ನ ಕಡೆ ತಿರುಗಿ, “ಎತ್ತಿದ್ದು ದಿಟ ಕಣವ್ವ, ಕೆಡವಿದ್ದು ಸುಳ್ಳು. ಒಂದೇ ಭುಜ ತಾಗಿದ್ದು,” ಎಂದರು.

“ಎರಡೂ.”

“ಒಂದೇ ಕಣ್ಲಾ.”

“ಮನೇಗ್ ಬಾ, ಅಲ್ಲಿ ಕಿತ್ತಾಡನ,” ಎಂದರು ತಾಜ್ ಪಾಷಾ, ಗೋಡೆ ಹಿಡಿದು ಏಳುತ್ತಾ. “ಇಲ್ಲಿ ಮಗು ಮಲ್ಗೈತೆ.”

ಚಲುವಯ್ಯ ಎದುರು ಬಾಗಿಲ ಕಡೆ ಒಂದು ಕ್ಷಣ ನೋಡಿದರು. ಕಾಫಿಯನ್ನು ಒಂದೇ ಗುಟುಕಿಗೆ ಮುಗಿಸಿ, ಲೋಟವನ್ನು ನನ್ನ ಕೈಗೆ ಕೊಟ್ಟು, ಟವೆಲ್ಲು ಹೆಗಲಿಗೆ ಹಾಕಿಕೊಂಡು ಎದ್ದು ಗೆಳೆಯನ ಹಿಂದೆ ಹೊರಟರು.